ಸರ್ವೆ ಮಾಡಬೇಕೆ, ಮಂಡಿಗೆ ಹೋಗಬೇಕೆ?

ಓದುಗರ ಪ್ರಶ್ನೆಗೆ ಉತ್ತರ: ಬಳಕೆದಾರರ ಅನುಭವ ಸಂಶೋಧನೆ

ಆ್ಯಪ್, ವೆಬ್‌ಸೈಟ್ ಮಾಡುವವರು ಅದನ್ನು ಬಳಸುವ ಜನರಿಂದ ತಿಳಿದುಕೊಳ್ಳುವುದು ಹೇಗೆ ಎಂದು ಕೇಳಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಿಂದ ಈ ಸಲ ಬಹಳ ಪತ್ರ ಬಂದಿವೆ. ಹೆಚ್ಚಿನವರು ವಿಧಾನವನ್ನು ಮೊದಲೇ ಆರಿಸಿಕೊಂಡು, ‘ಇದು ಸರಿಯೇ?’ ಎಂದು ಕೇಳಿದ್ದಾರೆ. ಪ್ರತಿ ಪತ್ರದಲ್ಲೂ ನಾವು ಮೊದಲು ಹುಡುಕಿದ್ದು ಬೇರೆಯದನ್ನು: ಉತ್ತರ ಕೈಗೆ ಬಂದ ಮರುದಿನ ಇವರು ಯಾವ ತೀರ್ಮಾನ ಮಾಡಬೇಕಾಗಿದೆ? ಅದು ಗೊತ್ತಾದರೆ ವಿಧಾನ ಆರಿಸುವುದು ಅಷ್ಟು ಕಷ್ಟವಲ್ಲ.

ಪ್ರಶ್ನೆ: ಟೊಮೆಟೊ ಬೆಳೆಗಾರರಿಗೆ ದಿನದ ಧಾರಣೆ ತಿಳಿಸುವ ಆ್ಯಪ್ ಮಾಡಿದ್ದೇವೆ. ಎರಡು ಸಾವಿರ ಜನ ಹಾಕಿಕೊಂಡರು. ವಾರ ಕಳೆದ ಮೇಲೆ ತೆರೆದು ನೋಡುವವರು ಇನ್ನೂರು ಜನವೂ ಇಲ್ಲ. ಯಾಕೆ ಬಿಟ್ಟರು ಎಂದು ತಿಳಿಯಲು 25 ಪ್ರಶ್ನೆಗಳ ಗೂಗಲ್ ಫಾರ್ಮ್ ಸಿದ್ಧವಾಗಿದೆ. ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿ 500 ಉತ್ತರ ತರಿಸಬೇಕೆಂದಿದ್ದೇವೆ. ಸರಿಯೇ?
— ಚಿಂತಾಮಣಿಯ ಓದುಗರು

ಉತ್ತರ: ಆ ಫಾರ್ಮನ್ನು ಸದ್ಯಕ್ಕೆ ಪಕ್ಕಕ್ಕಿಡಿ. ‘ಯಾಕೆ’ ಎನ್ನುವುದು ನಿಮಗೇ ಗೊತ್ತಿಲ್ಲದಾಗ, ಫಾರ್ಮಿನಲ್ಲಿ ನೀವು ಕೊಡುವ ನಾಲ್ಕೈದು ಆಯ್ಕೆಗಳು ನಿಮ್ಮದೇ ಊಹೆಗಳು. ನಿಜವಾದ ಕಾರಣ ಆ ಪಟ್ಟಿಯಲ್ಲಿ ಇಲ್ಲದಿದ್ದರೆ 500 ಅಲ್ಲ, 5000 ಉತ್ತರ ಬಂದರೂ ಅದು ಹೊರಗೇ ಉಳಿಯುತ್ತದೆ. ಇನ್ನೊಂದು ತೊಂದರೆ: ಗುಂಪಿನಲ್ಲಿ ಬಂದ ಲಿಂಕ್ ಒತ್ತಿ 25 ಪ್ರಶ್ನೆ ತುಂಬುವ ತಾಳ್ಮೆ ಇರುವುದು ಫೋನು ಚೆನ್ನಾಗಿ ಪಳಗಿದವರಿಗೆ. ನಿಮ್ಮ ಆ್ಯಪ್ ಬಿಟ್ಟುಹೋದವರಲ್ಲಿ ಅಂಥವರು ಕಡಿಮೆ ಇರಬಹುದು. ತಪ್ಪು ಜನರಿಂದ ಹೆಚ್ಚು ಉತ್ತರ ಬಂದರೆ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೇ.

ಮೊದಲ ಅರ್ಧ ದಿನ ನಿಮ್ಮದೇ ದಾಖಲೆ ನೋಡಿ. ಬಿಟ್ಟವರು ಮೊದಲ ಸಲ ತೆರೆದಾಗಲೇ ಬಿಟ್ಟರೇ, ಮೂರ್ನಾಲ್ಕು ದಿನ ನೋಡಿ ಬಿಟ್ಟರೇ? ಓಟಿಪಿ ಹಾಕುವ ಪುಟದಲ್ಲೇ ನಿಂತವರು ಎಷ್ಟು ಜನ? ಮೊದಲ ಪುಟದಲ್ಲೇ ಬಿಟ್ಟಿದ್ದರೆ ಅದು ಬಳಕೆಯ ತೊಡಕು. ನಾಲ್ಕು ದಿನ ಬೆಲೆ ನೋಡಿ ಬಿಟ್ಟಿದ್ದರೆ ಆ ಬೆಲೆ ಅವರ ಕೆಲಸಕ್ಕೆ ಬಂದಿಲ್ಲ ಎಂದರ್ಥ. ಎರಡೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ.

ಆಮೇಲೆ ಮೂರು ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ. ಎಂಟು ಜನ ಸಾಕು: ಆ್ಯಪ್ ಬಿಟ್ಟವರು ನಾಲ್ವರು, ದಿನಾ ನೋಡುವವರು ಇಬ್ಬರು, ಹಾಕಿಕೊಳ್ಳದೇ ಇರುವವರು ಇಬ್ಬರು. ಬಿಟ್ಟವರನ್ನು ನಿಮ್ಮ ಪಟ್ಟಿಯಿಂದಲೇ ಆರಿಸಿ, ಫೋನ್ ಮಾಡಿ ಸಮಯ ಕೇಳಿ. ಹರಾಜು ನಡೆಯುವಾಗ ಯಾರನ್ನೂ ಮಾತಾಡಿಸಬೇಡಿ. ವರ್ಷದ ದುಡಿಮೆಯ ಬೆಲೆ ನಿಗದಿಯಾಗುವ ಹೊತ್ತು ಅದು. ದೂರ ನಿಂತು ನೋಡಿ: ಫೋನು ಯಾವಾಗ ಹೊರಬರುತ್ತದೆ, ಯಾರಿಗೆ ಕರೆ ಹೋಗುತ್ತದೆ, ಯಾರ ಮಾತು ಕೇಳಿ ಮಾಲು ಯಾವ ಮಂಡಿಯಲ್ಲಿ ಇಳಿಯುತ್ತದೆ. ಲೆಕ್ಕ ಮುಗಿದು ಟೀ ಕುಡಿಯುವಾಗ ಮಾತಿಗೆ ಕೂರಿ, ಇಲ್ಲವೇ ಸಂಜೆ ತೋಟಕ್ಕೇ ಹೋಗಿ.

ಕೇಳುವ ರೀತಿಯಲ್ಲೇ ಅರ್ಧ ಕೆಲಸವಿದೆ. ‘ಆ್ಯಪ್‌ನಲ್ಲಿ ಇನ್ನೇನು ಬೇಕು?’ ಎಂದರೆ ಮರ್ಯಾದೆಗೆ ಏನೋ ಒಂದು ಹೇಳುತ್ತಾರೆ, ನೀವು ಅದನ್ನು ಕಟ್ಟಿ ಆರು ತಿಂಗಳು ಕಳೆಯುತ್ತೀರಿ. ಹೀಗೆ ಕೇಳಿ: ‘ಕೊನೇ ಸಲ ಮಾಲು ಹಾಕಿದ್ದು ಯಾವತ್ತು? ಹಿಂದಿನ ದಿನ ಕಾಯಿ ಬಿಡಿಸಿದಾಗಿನಿಂದ ಏನೇನಾಯ್ತು, ಒಂದೊಂದಾಗಿ ಹೇಳಿ.’ ನಡೆದುಹೋದದ್ದನ್ನು ಜನ ಸರಿಯಾಗಿ ಹೇಳುತ್ತಾರೆ. ‘ಮುಂದೆ ಬಳಸ್ತೀರಾ?’ ಎಂಬ ಪ್ರಶ್ನೆಗೆ ಬರುವ ‘ಹೂಂ’ ಮೇಲೆ ಏನನ್ನೂ ಕಟ್ಟಬೇಡಿ.

ಕೊನೆಗೆ ಫೋನು ಅವರ ಕೈಯಲ್ಲೇ ಇರಲಿ. ‘ಇವತ್ತಿನ ರೇಟು ತೋರಿಸಿ’ ಎನ್ನಿ. ಒಂದು ಸಣ್ಣ ವಿಷಯ ನೋಡಿ. ಸರ್ಕಾರಿ ಧಾರಣೆ ಪಟ್ಟಿಯಲ್ಲಿ ಬೆಲೆ ಇರುವುದು ಕ್ವಿಂಟಾಲಿಗೆ. ಕೋಲಾರದ ಕಡೆ ಟೊಮೆಟೊ ಲೆಕ್ಕ ನಡೆಯುವುದು 15 ಕೆ.ಜಿ. ಬಾಕ್ಸಿಗೆ. ನಿಮ್ಮ ಆ್ಯಪ್ ಆ ಪಟ್ಟಿಯನ್ನು ಹಾಗೇ ಎತ್ತಿ ‘ಮಾದರಿ ಬೆಲೆ 2667’ ಎಂದು ತೋರಿಸುತ್ತಿದ್ದರೆ, ಬೆಳೆಗಾರ ಅದನ್ನು 100ರಿಂದ ಭಾಗಿಸಿ 15ರಿಂದ ಗುಣಿಸಿದರೆ ಮಾತ್ರ ‘ಬಾಕ್ಸು 400’ ಎಂಬ ತನಗೆ ಬೇಕಾದ ಸಂಖ್ಯೆ ಸಿಗುತ್ತದೆ. ‘ಮಾದರಿ’ (ಆ ದಿನ ಹೆಚ್ಚು ಮಾಲು ಮಾರಾಟವಾದ ಬೆಲೆ) ಎಂದರೆ ಏನು ಎನ್ನುವುದು ಅವರಿಗೆ ಇನ್ನೊಂದು ಗಂಟು. ಇಂಥದ್ದನ್ನು ಯಾವ ಫಾರ್ಮಿನಲ್ಲೂ ಯಾರೂ ಬರೆದು ಕೊಡುವುದಿಲ್ಲ. ಆ ಸಂಖ್ಯೆ ನೋಡಿ ಅವರು ತುಟಿಯಲ್ಲೇ ಲೆಕ್ಕ ಹಾಕುವುದನ್ನು ಪಕ್ಕದಲ್ಲಿ ಕೂತವರೇ ಕಾಣಬೇಕು.

ಇಬ್ಬರು ಹೋಗಿ, ಒಬ್ಬರು ಮಾತಾಡಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಅವರ ಮಾತನ್ನು ಅವರ ಪದದಲ್ಲೇ ಬರೆಯಿರಿ. ಅದೇ ದಿನ ಸಂಜೆ ಒಂದು ಚೀಟಿಗೆ ಒಂದೇ ವಿಷಯದಂತೆ ಬಿಡಿಸಿ ಜೋಡಿಸಿ. ಎರಡು ದಿನ ಬಿಟ್ಟರೆ ನಿಮ್ಮ ನೆನಪು ನಿಮಗೆ ಬೇಕಾದ್ದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಆರೇಳು ಜನ ಆಗುವ ಹೊತ್ತಿಗೆ ಹೇಳಿದ್ದೇ ಮತ್ತೆ ಬರತೊಡಗಿದರೆ ನಿಲ್ಲಿಸಬಹುದು. ಪ್ರತಿಯೊಬ್ಬರೂ ಹೊಸದೇ ಹೇಳುತ್ತಿದ್ದರೆ ಬೇರೆ ಬೇರೆ ತರಹದ ಜನ ಬೆರೆತಿದ್ದಾರೆ ಎಂದರ್ಥ: ಅರ್ಧ ಎಕರೆಯವರು, ಹತ್ತು ಎಕರೆಯವರು, ತೋಟದಲ್ಲೇ ಮಾರುವವರು. ಅವರನ್ನು ಬಿಡಿಸಿ, ಒಂದೊಂದು ತರಹದವರನ್ನು ಇನ್ನಷ್ಟು ನೋಡಿ.

ಇದಾದ ಮೇಲೆ ಸರ್ವೆಗೆ ಕೆಲಸ ಬರುತ್ತದೆ. ಕಾರಣಗಳು ಗೊತ್ತಾದವು, ಯಾವುದು ಎಷ್ಟು ಜನಕ್ಕೆ ಎಂಬ ಎಣಿಕೆ ಬೇಕು ಎಂದಾಗ ಎಂಟು ಹತ್ತು ಪ್ರಶ್ನೆ, ಬೆಳೆಗಾರರ ಪದಗಳಲ್ಲೇ. ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಆರಿಸಿದ 100 ಜನ ಉತ್ತರಿಸಿದರೆ ನಿಮ್ಮ ಶೇಕಡಾವಾರು ಹೆಚ್ಚುಕಡಿಮೆ 10 ಅಂಕ ಆಚೀಚೆ ಇರಬಹುದು. 385 ಜನರಾದರೆ 5 ಅಂಕ. ವಾಟ್ಸ್‌ಆ್ಯಪ್‌ಗೆ ಹಾಕಿ ಬಂದಷ್ಟು ಬಾಚಿಕೊಂಡರೆ ಈ ಲೆಕ್ಕ ನಿಲ್ಲುವುದಿಲ್ಲ. ಫೋನ್ ಮಾಡಿ ಕೇಳುವುದು ಮೇಲು.

ಪ್ರಶ್ನೆ: ಕಾಲೇಜು ಬಸ್ ಪಾಸಿನ ಆ್ಯಪ್ ನಮ್ಮ ಕೊನೆಯ ವರ್ಷದ ಪ್ರಾಜೆಕ್ಟ್. ಐದು ಜನರ ಮೇಲೆ ಪರೀಕ್ಷಿಸಿದರೆ ಸಾಕು ಎಂದು ಓದಿದ್ದೇವೆ. ಮಾರ್ಗದರ್ಶಕರು ಕನಿಷ್ಠ 30 ಬೇಕು ಎನ್ನುತ್ತಾರೆ. ಯಾವುದು ಸರಿ?
— ತುಮಕೂರಿನ ಇಂಜಿನಿಯರಿಂಗ್ ವಿದ್ಯಾರ್ಥಿನಿ

ಉತ್ತರ: ಇಬ್ಬರೂ ಸರಿ. ಪ್ರಶ್ನೆ ಬೇರೆ ಬೇರೆ.

ಐದರ ಲೆಕ್ಕ ಬಂದದ್ದು ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಪ್ರಕಟಿಸಿದ ಕೆಲಸದಿಂದ. ಅವರು ನೋಡಿದ ಯೋಜನೆಗಳಲ್ಲಿ ಒಂದು ತೊಡಕು ಒಬ್ಬ ಬಳಕೆದಾರರಿಗೆ ಎದುರಾಗುವ ಸಂಭವ ಸರಾಸರಿ ಶೇ. 31. ಹಾಗಿದ್ದರೆ ಐದೂ ಜನರ ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುವ ಸಂಭವ 0.69ನ್ನು ಐದು ಸಲ ಗುಣಿಸಿದಷ್ಟು, ಅಂದರೆ ಸುಮಾರು ಶೇ. 16. ಉಳಿದ 84–85 ಭಾಗ ಸಿಕ್ಕಿಬಿಡುತ್ತದೆ. ಆದರೆ 31 ಎನ್ನುವುದು ಸರಾಸರಿ. ಹತ್ತರಲ್ಲಿ ಒಬ್ಬರಿಗೆ ಮಾತ್ರ ಆಗುವ ತೊಡಕು ಐದು ಜನರಲ್ಲಿ ಒಬ್ಬರಿಗಾದರೂ ಕಾಣಿಸುವ ಸಂಭವ ಶೇ. 41 ಮಾತ್ರ, ಅದನ್ನು ಶೇ. 79ಕ್ಕೆ ಏರಿಸಲು 15 ಜನ ಬೇಕು. ಪಾಸಿಗೆ ಹಣ ಕಟ್ಟುವ ಪುಟದಲ್ಲಿ ಅಂಥ ತೊಡಕಿದ್ದರೆ ಹತ್ತರಲ್ಲಿ ಒಬ್ಬರು ಎನ್ನುವುದು ಸಣ್ಣದಲ್ಲ.

ನಿಮ್ಮ ತೀರ್ಮಾನ ‘ಮುಂದಿನ ವಾರ ಏನನ್ನು ಸರಿಪಡಿಸಬೇಕು’ ಎಂದಾದರೆ ಐದು ಜನ ಸಾಕು. ಐದು ನೋಡಿ, ತಿದ್ದಿ, ಮತ್ತೆ ಬೇರೆ ಐದು ಜನರನ್ನು ಕೂರಿಸಿ. ಹದಿನೈದು ಜನರನ್ನು ಒಂದೇ ಸಲ ನೋಡುವುದಕ್ಕಿಂತ ಐದೈದರಂತೆ ಮೂರು ಸುತ್ತು ಮಾಡಿದರೆ ಲಾಭ ಹೆಚ್ಚು, ಯಾಕೆಂದರೆ ಮೊದಲ ಸುತ್ತಿನ ದೊಡ್ಡ ತೊಡಕನ್ನು ತೆಗೆದ ಮೇಲೆ ಅದರ ಹಿಂದೆ ಅಡಗಿದ್ದು ಕಾಣುತ್ತದೆ. ಐದು ಎಂದರೆ ಒಂದು ಬಗೆಯವರು ಐದು ಎಂಬುದನ್ನೂ ಮರೆಯಬೇಡಿ. ಪಾಸು ತೆಗೆಯುವ ವಿದ್ಯಾರ್ಥಿಗಳು ಒಂದು ಬಗೆ. ಅದನ್ನು ಮಂಜೂರು ಮಾಡುವ ಕಚೇರಿಯ ಗುಮಾಸ್ತರು ಇನ್ನೊಂದು.

‘ಶೇ. ಎಷ್ಟು ಜನ ಪಾಸು ತೆಗೆಯಬಲ್ಲರು, ಹಳೆಯದಕ್ಕಿಂತ ಎಷ್ಟು ಬೇಗ’ ಎಂಬುದನ್ನು ವರದಿಯಲ್ಲಿ ಬರೆಯಬೇಕಾದರೆ ಮಾರ್ಗದರ್ಶಕರ ಮಾತೇ ಸರಿ. ಐದಕ್ಕೆ ಐದೂ ಜನ ಗೆದ್ದರೂ ‘ಶೇ. 100 ಯಶಸ್ಸು’ ಎಂದು ಬರೆಯಬೇಡಿ. ಅಷ್ಟು ಸಣ್ಣ ಎಣಿಕೆಯಲ್ಲಿ ನಿಜವಾದ ಪ್ರಮಾಣ ಅರ್ಧದ ಹತ್ತಿರವೂ ಇರಬಹುದು.

ಪರೀಕ್ಷೆ ನಡೆಸುವಾಗ ಕೆಡುವುದು ಹೆಚ್ಚಾಗಿ ಕೆಲಸ ಒಪ್ಪಿಸುವ ವಾಕ್ಯದಲ್ಲಿ. ‘ಪಾಸು ರಿನ್ಯೂ ಮಾಡಿ’ ಎಂದರೆ ಅವರು ‘ರಿನ್ಯೂ’ ಎಂಬ ಪದ ಹುಡುಕಿ ಒತ್ತುತ್ತಾರೆ. ನೀವು ಪರೀಕ್ಷಿಸಿದ್ದು ಕಣ್ಣನ್ನು, ಆ್ಯಪನ್ನಲ್ಲ. ‘ನಿಮ್ಮ ಪಾಸು ಈ ತಿಂಗಳ ಕೊನೆಗೆ ಮುಗಿಯುತ್ತೆ. ಮುಂದಿನ ತಿಂಗಳೂ ಗುಬ್ಬಿಯಿಂದ ಕಾಲೇಜಿಗೆ ಬರಬೇಕು. ಏನು ಮಾಡ್ತೀರೋ ಮಾಡಿ’ ಎಂದು ಹೇಳಿ. ಇಂಥ ನಾಲ್ಕೈದು ಕೆಲಸ, ಒಬ್ಬರಿಗೆ 40 ನಿಮಿಷ, ಅವರದೇ ಫೋನಿನಲ್ಲಿ. ಎಲ್ಲಕ್ಕೂ ಮೊದಲು ನಿಮ್ಮ ತಂಡದಲ್ಲಿಲ್ಲದ ಒಬ್ಬರ ಮೇಲೆ ಪೂರ್ತಿ ಒಮ್ಮೆ ನಡೆಸಿ ನೋಡಿ; ಅರ್ಥವಾಗದ ವಾಕ್ಯಗಳು ಆಗಲೇ ಸಿಗುತ್ತವೆ.

ಮನಸ್ಸಿನಲ್ಲಿ ಓಡುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತಾ ಮಾಡಲು ಕೇಳಿಕೊಳ್ಳಿ. ಅವರು ಸಿಕ್ಕಿಹಾಕಿಕೊಂಡಾಗ ನಿಮ್ಮ ಬೆರಳು ಪರದೆಯ ಕಡೆ ಹೋಗಬಾರದು. ಮನಸ್ಸಲ್ಲೇ ಹತ್ತು ಎಣಿಸಿ. ‘ಈಗ ಏನು ಮಾಡಲಿ?’ ಎಂದು ಕೇಳಿದರೆ ‘ನಾನು ಇಲ್ಲಿ ಇಲ್ಲದಿದ್ರೆ ಏನು ಮಾಡ್ತಿದ್ರಿ?’ ಎನ್ನಿ. ಹೀಗೆ ಮಾತಾಡಿಸುತ್ತಾ ಮಾಡಿಸಿದ ಕೆಲಸಕ್ಕೆ ಗಡಿಯಾರ ಹಿಡಿಯಬೇಡಿ, ಮಾತಿಗೆ ಹಿಡಿದ ಸಮಯವೂ ಅದರಲ್ಲಿ ಸೇರಿರುತ್ತದೆ. ಸಮಯ ಅಳೆಯುವುದಿದ್ದರೆ ಮಾತಿಲ್ಲದೆ ಬೇರೆ ಸುತ್ತು ಮಾಡಿ. ನಿಮ್ಮ ಮಾರ್ಗದರ್ಶಕರ 30 ಜನ ಕೆಲಸಕ್ಕೆ ಬರುವುದು ಅಲ್ಲಿ.

ಪ್ರಶ್ನೆ: ಹಾಲು ಉತ್ಪಾದಕರ ಸಂಘದ ಸದಸ್ಯರು ತಮ್ಮ ಹಾಲಿನ ಅಳತೆ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ), ಬಟವಾಡೆ ನೋಡುವ ಆ್ಯಪ್ ನಮ್ಮದು. ಬಳಸಲು ಎಷ್ಟು ಸುಲಭ ಎಂದು 0ರಿಂದ 100ರೊಳಗೆ ಅಳೆಯುವ, ಹತ್ತು ಪ್ರಶ್ನೆಗಳ ಎಸ್‌ಯುಎಸ್ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್) ಅಳತೆಯನ್ನು ಕನ್ನಡಕ್ಕೆ ತಂದು 40 ಜನರನ್ನು ಕೇಳಿದೆವು, 88 ಬಂತು. ಆದರೂ ಬಟವಾಡೆ ದಿನ ಎಲ್ಲರೂ ಕಾರ್ಯದರ್ಶಿಯ ಹತ್ತಿರವೇ ಬಂದು ಕೇಳುತ್ತಾರೆ. ಅಳತೆ ಸುಳ್ಳೇ?
— ಮಾಲೂರಿನ ಓದುಗರು

ಉತ್ತರ: ಅಳತೆಯಲ್ಲಿ ತಪ್ಪಿಲ್ಲ. ಅದನ್ನು ಕೇಳಿದ ಜಾಗ, ಕೇಳಿದ ಬಾಯಿ ಯಾವುದು ನೋಡಿ. ಸಂಘದ ಕಟ್ಟಡದಲ್ಲಿ, ಕಾರ್ಯದರ್ಶಿ ಎದುರಿಗಿರುವಾಗ, ಆ್ಯಪ್ ಮಾಡಿದವರೇ ನಿಂತು ಕೇಳಿದರೆ ‘ಚೆನ್ನಾಗಿದೆ’ ಎನ್ನದೆ ಇನ್ನೇನು ಹೇಳುತ್ತಾರೆ? ಮನೆಗೆ ಬಂದವರ ಮುಖಕ್ಕೆ ಹೊಡೆದಂತೆ ಮಾತಾಡದಿರುವುದು ನಮ್ಮ ಕಡೆಯ ನಡವಳಿಕೆ.

ಎಸ್‌ಯುಎಸ್ ಅನ್ನು 1986ರಲ್ಲಿ ರೂಪಿಸಿದವರು ಜಾನ್ ಬ್ರೂಕ್. ಹತ್ತು ಹೇಳಿಕೆ, ಪ್ರತಿಯೊಂದಕ್ಕೂ 1ರಿಂದ 5. ಬೆಸ ಸಂಖ್ಯೆಯವು ಹೊಗಳಿಕೆ, ಸಮ ಸಂಖ್ಯೆಯವು ದೂರು. ಬೆಸದಲ್ಲಿ ಕೊಟ್ಟ ಅಂಕದಿಂದ 1 ಕಳೆಯಬೇಕು. ಸಮದಲ್ಲಿ 5ರಿಂದ ಕೊಟ್ಟ ಅಂಕ ಕಳೆಯಬೇಕು. ಎಲ್ಲ ಕೂಡಿಸಿ 2.5ರಿಂದ ಗುಣಿಸಬೇಕು. ಒಬ್ಬರು ಕ್ರಮವಾಗಿ 4, 2, 4, 3, 4, 2, 5, 2, 3, 3 ಕೊಟ್ಟರು ಎನ್ನಿ. ಬೆಸದಿಂದ 15, ಸಮದಿಂದ 13, ಒಟ್ಟು 28, ಅಂದರೆ 70. ಇದು ಶೇ. 70 ಅಲ್ಲ. ನೂರಾರು ಅಧ್ಯಯನಗಳ ಸರಾಸರಿ 68 ಇರುವುದರಿಂದ 70 ಎಂದರೆ ನಡುಮಟ್ಟ.

ನಿಮ್ಮ 40 ಹಾಳೆಗಳನ್ನು ಮತ್ತೆ ತೆರೆಯಿರಿ. ಹತ್ತಕ್ಕೂ ಒಂದೇ ಅಂಕ ಹಾಕಿದವರು ಎಷ್ಟಿದ್ದಾರೆ? ಎಲ್ಲಕ್ಕೂ 5 ಕೊಟ್ಟರೂ, ಎಲ್ಲಕ್ಕೂ 1 ಕೊಟ್ಟರೂ ಲೆಕ್ಕ ಸರಿಯಾಗಿ 50ಕ್ಕೆ ನಿಲ್ಲುತ್ತದೆ. ಅಂಥ ಹಾಳೆ ಇದ್ದರೆ ಓದದೆ ಗೀಚಿದ್ದು ಎಂದು ತಿಳಿದು ಬದಿಗಿಡಿ. ಹೆಚ್ಚಿನವರು 5, 5, 5 ಹಾಕಿಯೂ ನಿಮಗೆ 88 ಬಂದಿದ್ದರೆ ಸಮ ಸಂಖ್ಯೆಗಳನ್ನು ತಿರುಗಿಸಲು ಮರೆತಿದ್ದೀರಿ. ಆಗಾಗ ಆಗುವ ತಪ್ಪಿದು. ಅನುವಾದವನ್ನೂ ನೋಡಿ: ‘ಇದು ಸುಮ್ಮನೆ ಗೋಜಲಾಗಿದೆ’ ಎಂಬುದಕ್ಕೆ ‘ಒಪ್ಪುವುದಿಲ್ಲ’ ಎನ್ನುವುದು ಓದಿಕೊಂಡವರಿಗೇ ಒಂದು ಕ್ಷಣ ತಡವರಿಸುವಂಥದ್ದು. ಓದಿ ಹೇಳಿ ಕೇಳಿದಾಗ ಇನ್ನೂ ಕಷ್ಟ.

ಈ ಜನರಿಗೆ, ಈ ಪ್ರಶ್ನೆಗೆ, ಕೆಲಸ ಕೊಟ್ಟು ನೋಡುವುದೇ ಸರಿಯಾದ ವಿಧಾನ. ಹಾಲು ಹಾಕಿ ಮನೆಗೆ ಹೋದ ಮೇಲೆ, ಅವರ ಜಗಲಿಯಲ್ಲಿ, ಅವರದೇ ಲೆಕ್ಕ ತೆರೆಸಿ ಕೇಳಿ: ‘ನಿನ್ನೆ ಬೆಳಿಗ್ಗೆ ಫ್ಯಾಟ್ ಎಷ್ಟು ಬಂದಿದೆ? ಸಂಜೆ ಎಷ್ಟು? ಯಾವ ಹೊತ್ತಿನ ಲೀಟರಿಗೆ ಹೆಚ್ಚು ದುಡ್ಡು ಬಿದ್ದಿದೆ? ಈ ಬಟವಾಡೆಯಲ್ಲಿ ಫೀಡ್‌ಗೆ ಎಷ್ಟು ಹಿಡಿದುಕೊಂಡಿದ್ದಾರೆ?’ ಪ್ರತಿ ಕೆಲಸ ಮುಗಿದ ಕೂಡಲೇ ‘ಇದು ಕಷ್ಟವಾಯ್ತೋ, ಸುಲಭವಾಯ್ತೋ’ ಎಂಬ ಒಂದೇ ಪ್ರಶ್ನೆ, 1ರಿಂದ 7. ಓದಲು ಬಾರದವರಿಗೆ ಇನ್ನೊಂದು ಉಪಾಯವಿದೆ: ‘ನಿಮ್ಮ ಪಕ್ಕದ ಮನೆಯವರಿಗೆ ಇದನ್ನ ಹೇಳಿಕೊಡಿ’ ಎಂದು ಇಬ್ಬರನ್ನು ಕೂರಿಸಿ. ಒಬ್ಬರು ಇನ್ನೊಬ್ಬರಿಗೆ ವಿವರಿಸುವಾಗ ಎಲ್ಲಿ ತಡವರಿಸುತ್ತಾರೋ ನಿಮ್ಮ ಆ್ಯಪ್ ಎಡವಿದ್ದೂ ಅಲ್ಲೇ. ಕಾರ್ಯದರ್ಶಿಯವರನ್ನೂ ಒಂದು ಬಟವಾಡೆ ದಿನ ಗಮನಿಸಿ: ಜನ ಬಂದು ಕೇಳುವುದು ಮೊತ್ತವನ್ನೋ, ಕಡಿತಕ್ಕೆ ಕಾರಣವನ್ನೋ? ಕಾರಣವನ್ನಾದರೆ ನಿಮ್ಮ ಆ್ಯಪ್ ಅದನ್ನು ಹೇಳುತ್ತಿದೆಯೇ?

ಪ್ರಶ್ನೆ: ಕೊಬ್ಬರಿ, ಗಾಣದ ಎಣ್ಣೆ ಮಾರುವ ವೆಬ್‌ಸೈಟ್ ಇದೆ. ದಿನಕ್ಕೆ ಸುಮಾರು 40 ಜನ ಬರುತ್ತಾರೆ, ನೂರರಲ್ಲಿ ಐವರು ಕೊಳ್ಳುತ್ತಾರೆ. ‘ಖರೀದಿಸಿ’ ಗುಂಡಿಯ ಬಣ್ಣ, ಜಾಗ ಬದಲಿಸಿ ಎ/ಬಿ ಟೆಸ್ಟ್ (ಅರ್ಧ ಜನರಿಗೆ ಹಳೆಯದು, ಅರ್ಧ ಜನರಿಗೆ ಹೊಸದು ತೋರಿಸಿ ಹೋಲಿಸುವುದು) ಮಾಡಬೇಕೆಂದಿದ್ದೇವೆ.
— ತಿಪಟೂರಿನ ಓದುಗರು

ಉತ್ತರ: ಬೇಡ. ಶೇ. 5 ಇರುವ ಖರೀದಿ ಶೇ. 6 ಆಯಿತು ಎಂಬುದನ್ನು ಅದೃಷ್ಟದ ಏರಿಳಿತದಿಂದ ಬೇರ್ಪಡಿಸಿ ಹೇಳಲು, ಸಾಮಾನ್ಯವಾಗಿ ಬಳಸುವ ಮಾನದಂಡಗಳಲ್ಲಿ (ಇಲ್ಲದ ವ್ಯತ್ಯಾಸ ಇದೆ ಎನ್ನದಿರಲು ಶೇ. 95, ಇರುವ ವ್ಯತ್ಯಾಸ ಹಿಡಿಯಲು ಶೇ. 80), ಒಂದೊಂದು ಬದಿಗೆ ಸುಮಾರು 8 ಸಾವಿರ ಭೇಟಿ ಬೇಕು. ಎರಡೂ ಸೇರಿ 16 ಸಾವಿರ. ದಿನಕ್ಕೆ 40ರಂತೆ 400 ದಿನ. ಅಷ್ಟರಲ್ಲಿ ಕೊಬ್ಬರಿ ಧಾರಣೆ ಎಷ್ಟು ಸಲ ಏರಿಳಿಯುತ್ತದೆ, ಎಷ್ಟು ಹಬ್ಬ ಬಂದು ಹೋಗುತ್ತವೆ! ನಡುನಡುವೆ ಇಣುಕಿ, ‘ಬಿ ಮುಂದಿದೆ’ ಎಂದು ಕಂಡ ದಿನ ನಿಲ್ಲಿಸುವುದು ಇನ್ನೂ ಕೆಟ್ಟದ್ದು. ಹಾಗೆ ನಿಲ್ಲಿಸಿದರೆ ಇಲ್ಲದ ವ್ಯತ್ಯಾಸವೂ ಇದ್ದಂತೆ ಕಾಣುತ್ತದೆ.

ನಿಮ್ಮ ಅಳತೆಯ ಅಂಗಡಿಗೆ ಎರಡು ಕೆಲಸ ಸಾಕು. ಸರಕಿನ ಪುಟ, ಬುಟ್ಟಿ, ವಿಳಾಸ, ಹಣ ಪಾವತಿ, ಈ ನಾಲ್ಕರಲ್ಲಿ ಯಾವ ಮೆಟ್ಟಿಲಲ್ಲಿ ಹೆಚ್ಚು ಜನ ವಾಪಸಾಗುತ್ತಿದ್ದಾರೆ ಎಂದು ಕಳೆದ ಎರಡು ತಿಂಗಳ ಎಣಿಕೆ ತೆಗೆಯಿರಿ. ಆಮೇಲೆ ಆನ್‌ಲೈನಿನಲ್ಲಿ ಅಡುಗೆ ಸಾಮಾನು ಕೊಳ್ಳುವ ಐದು ಜನರಿಗೆ ನಿಜವಾದ ದುಡ್ಡು ಕೊಟ್ಟು ಒಂದು ಲೀಟರ್ ಎಣ್ಣೆ ಕೊಳ್ಳಲು ಹೇಳಿ, ಪಕ್ಕದಲ್ಲಿ ಕೂತು ನೋಡಿ. ಕೊರಿಯರ್ ಖರ್ಚು ಕೊನೆಯ ಪುಟದಲ್ಲಿ ಮೊದಲ ಸಲ ಕಾಣಿಸಿಕೊಳ್ಳುತ್ತಿದ್ದರೆ ಗುಂಡಿಯ ಬಣ್ಣದಿಂದ ಏನೂ ಆಗದು. ಅಂಥ ತೊಡಕನ್ನು ಪರೀಕ್ಷೆಗೆ ಹಾಕಬೇಕಿಲ್ಲ, ನೇರವಾಗಿ ಸರಿಪಡಿಸಿ.

ಪ್ರಶ್ನೆ: ರೇಷ್ಮೆ ಬೆಳೆಗಾರರು ಹುಳು ಮನೆಯ ಉಷ್ಣಾಂಶ, ತೇವಾಂಶ, ಸೊಪ್ಪಿನ ಲೆಕ್ಕ ಬರೆದಿಡುವ ಆ್ಯಪ್ ಮಾಡುತ್ತಿದ್ದೇವೆ. ಹತ್ತು ಜನರನ್ನು ಸಂದರ್ಶನ ಮಾಡಿದೆವು. ಎಲ್ಲರೂ ‘ದಿನಾ ಬರೀತೀವಿ’ ಅಂದರು. ಮುಂದುವರಿಯಬಹುದೇ?
— ಶಿಡ್ಲಘಟ್ಟದ ಓದುಗರು

ಉತ್ತರ: ಒಂದೇ ದಿನದ ಸಂದರ್ಶನದಿಂದ ಒಂದು ಬೆಳೆಯ ಕಥೆ ಸಿಗದು. ಚಾಕಿ ಹುಳು (ಎಳೆಯ ಮರಿಹುಳು) ಮನೆಗೆ ಬಂದ ವಾರದಲ್ಲಿ ಬರೆದಿಡಲು ಪುರುಸೊತ್ತು ಇರುತ್ತದೆ. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲೆ ಹುಳುಗಳು ಸೊಪ್ಪಿಗೆ ಬೀಳುವ ಹೊತ್ತಿನಲ್ಲಿ ಮನೆಮಂದಿಗೆ ನಿದ್ದೆಯೇ ಇರುವುದಿಲ್ಲ. ಹಣ್ಣಾದ ಹುಳು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ (ಬಿದಿರಿನ ತಟ್ಟೆಗೆ) ಬಿಡುವ ದಿನ ಫೋನು ಎಲ್ಲಿದೆ ಎಂಬುದೂ ನೆನಪಿರುವುದಿಲ್ಲ. ಆ್ಯಪ್ ಬಿದ್ದುಹೋಗುವುದು ಇಲ್ಲೇ, ಬರಹ ಅತ್ಯಂತ ಬೇಕಾಗಿರುವುದೂ ಇಲ್ಲೇ.

ಇದಕ್ಕೆ ಇರುವುದು ದಿನಚರಿ ಅಧ್ಯಯನ. ಹತ್ತು ಮನೆ ಆರಿಸಿ; ಎರಡು ಮೂರು ಮನೆಯವರು ನಡುವೆ ಬಿಡುತ್ತಾರೆ, ಏಳು ಉಳಿದರೆ ಸಾಕು. ಚಾಕಿ ತಂದ ದಿನದಿಂದ ಗೂಡು ಮಾರುವವರೆಗೆ, ಒಂದು ಪೂರ್ತಿ ಬೆಳೆ ಹಿಂಬಾಲಿಸಿ. ಆ್ಯಪ್ ಕೊಡಬೇಡಿ ಇನ್ನೂ. ದಿನಕ್ಕೊಂದು ವಾಟ್ಸ್‌ಆ್ಯಪ್ ಧ್ವನಿ ಸಂದೇಶ, ಅರ್ಧ ನಿಮಿಷ: ‘ಇವತ್ತು ಹುಳು ಮನೇಲಿ ಏನು ನೋಡಿದ್ರಿ, ಅದಕ್ಕೆ ಏನು ಮಾಡಿದ್ರಿ?’ ಜೊತೆಗೆ ಥರ್ಮಾಮೀಟರಿನ ಒಂದು ಫೋಟೊ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ, ಕ್ಯಾಲೆಂಡರಿನ ಚೌಕದಲ್ಲಿ ಈಗಾಗಲೇ ಏನಾದರೂ ಬರೆದಿಡುತ್ತಿದ್ದರೆ ಅದರ ಫೋಟೊ ಕೂಡ ತರಿಸಿ. ನಿಮ್ಮ ಆ್ಯಪ್‌ಗೆ ಪೈಪೋಟಿ ಕೊಡುವುದು ಆ ಗೋಡೆ. ಯಾರು ಸಂದೇಶ ಕಳಿಸುತ್ತಿದ್ದಾರೆ ಎಂದು ಕೇಳಿಸಿಕೊಳ್ಳಿ. ಸಂದರ್ಶನ ಕೊಟ್ಟವರು ಯಜಮಾನರಾಗಿದ್ದು, ಧ್ವನಿ ಮನೆಯಾಕೆಯದ್ದೋ ಮಗಳದ್ದೋ ಆಗಿದ್ದರೆ ನಿಮ್ಮ ನಿಜವಾದ ಬಳಕೆದಾರರು ಅವರೇ.

ಸಂದೇಶ ಬಾರದ ದಿನವನ್ನೂ ದಾಖಲಿಸಿ. ಬೈಯುವ ಧಾಟಿಯಲ್ಲಿ ನೆನಪಿಸಿದರೆ ಮರುದಿನದಿಂದ ಮುಲಾಜಿಗೆ ಸುಳ್ಳು ಅಂಕಿ ಬರುತ್ತದೆ. ಗೌರವಧನವನ್ನು ಮೂರು ಕಂತು ಮಾಡಿ, ಕೊನೆಯದು ದೊಡ್ಡದಿರಲಿ, ಆದರೆ ಸಂದೇಶಗಳ ಎಣಿಕೆಗೆ ತಳುಕು ಹಾಕಬೇಡಿ. ಗೂಡು ಮಾರಿ ಬಂದ ಎರಡು ಮೂರು ದಿನದಲ್ಲಿ ಒಂದು ಗಂಟೆ ಕೂತು, ಅವರದೇ ಸಂದೇಶಗಳನ್ನು ಕೇಳಿಸುತ್ತಾ ಮಾತಾಡಿ. ‘ಹದಿನೆಂಟನೇ ದಿನ ಕಿಟಕಿಗೆ ಗೋಣಿಚೀಲ ನೆನೆಸಿ ಹಾಕ್ದೆ ಅಂದಿದ್ರಿ, ಯಾವುದು ನೋಡಿ ಗೊತ್ತಾಯ್ತು?’ ಉತ್ತರ ಮೀಟರಿನ ಅಂಕಿಯೋ, ಹುಳುವಿನ ಮೈಯೋ ಎಂಬುದರ ಮೇಲೆ ನಿಮ್ಮ ಆ್ಯಪ್‌ನ ಮೊದಲ ಪುಟ ನಿಂತಿದೆ.

ಪ್ರಶ್ನೆ: ನಮ್ಮ ರೈತ ಉತ್ಪಾದಕ ಕಂಪನಿಯ ವೆಬ್‌ಸೈಟಿನಲ್ಲಿ 40 ವಿಷಯಗಳಿವೆ. ಯಾವುದೂ ಸಿಗುವುದಿಲ್ಲ ಎಂದು ದೂರು. ಮೆನು ಹೇಗೆ ಜೋಡಿಸಬೇಕು?
— ಗೌರಿಬಿದನೂರಿನ ಓದುಗರು

ಉತ್ತರ: ಕಾರ್ಡ್ ಸಾರ್ಟಿಂಗ್ ಮಾಡಿ. 40 ವಿಷಯಕ್ಕೆ 40 ಚೀಟಿ, ಲಗ್ನಪತ್ರಿಕೆಯಂಥ ದಪ್ಪ ಕಾಗದ, ದೊಡ್ಡ ಅಕ್ಷರ, ಹಿಂಬದಿಯಲ್ಲಿ ಸಂಖ್ಯೆ. 15 ಜನ ಸದಸ್ಯರು, ಒಬ್ಬೊಬ್ಬರೇ. ಮೇಜಿನ ಮೇಲೆ ಹರಡಿ ‘ಯಾವ್ಯಾವುದು ಒಟ್ಟಿಗೆ ಹೋಗುತ್ತೋ ಜೋಡಿಸಿ, ಗುಂಪಿಗೆ ನೀವೇ ಹೆಸರಿಡಿ’ ಎನ್ನಿ. ಮುಕ್ಕಾಲು ಗಂಟೆ ಹಿಡಿಯುತ್ತದೆ. ಕೊನೆಗೆ ಫೋಟೊ ತೆಗೆದುಕೊಂಡು, ಯಾವ ಎರಡು ಚೀಟಿ ಎಷ್ಟು ಜನರ ಕೈಯಲ್ಲಿ ಒಟ್ಟಿಗೆ ಬಂದವು ಎಂದು ಎಣಿಸಿ. 15ರಲ್ಲಿ 11–12 ಜನ ಜೋಡಿಸಿದ್ದರೆ ಅವು ಒಂದೇ ತಲೆಬರಹದ ಕೆಳಗೆ ಹೋಗಲಿ.

ಪದಗಳ ಬಗ್ಗೆ ಎಚ್ಚರ. ‘ಬೆಳೆ ವಿಮೆ’, ‘ಬೆಳೆ ಸಾಲ’, ‘ಬೆಳೆ ಸಮೀಕ್ಷೆ’ ಎಂದು ಬರೆದರೆ ‘ಬೆಳೆ’ ಎಂಬ ಪದ ನೋಡಿಯೇ ಮೂರನ್ನೂ ಒಟ್ಟಿಗೆ ಇಟ್ಟುಬಿಡುತ್ತಾರೆ, ಅರ್ಥದ ಗೊಡವೆಗೇ ಹೋಗುವುದಿಲ್ಲ. ‘ಮಳೆ ಕೈಕೊಟ್ಟರೆ ಪರಿಹಾರ’, ‘ಬಿತ್ತನೆಗೆ ಸಾಲ’, ‘ಯಾವ ಸರ್ವೆ ನಂಬರಿನಲ್ಲಿ ಏನು ಹಾಕಿದ್ದೀರಿ’ ಎಂದು ಬಿಡಿಸಿ ಬರೆಯಿರಿ. ಜನ ‘ಪಹಣಿ’ ಎನ್ನುವಾಗ ಚೀಟಿಯಲ್ಲಿ ‘ಆರ್‌ಟಿಸಿ’ ಎಂದಷ್ಟೇ ಇರಬಾರದು. ‘ಇತರೆ’ ಎಂಬ ಗುಂಪಿಗೆ ಏನೇನು ಬಿತ್ತು ಎಂಬುದನ್ನು ವಿಶೇಷವಾಗಿ ನೋಡಿ. ಅರ್ಥವೇ ಆಗದ ಚೀಟಿಗಳೂ ಅಲ್ಲಿಗೇ ಬಂದು ಬೀಳುತ್ತವೆ.

ಜೋಡಣೆ ಚೆನ್ನಾಗಿ ಬಂತು ಎಂದ ಮಾತ್ರಕ್ಕೆ ಹುಡುಕಿದರೆ ಸಿಗುತ್ತದೆ ಎಂದಲ್ಲ. ಹೊಸ ಮೆನುವಿನ ಬರೀ ಹೆಸರುಗಳನ್ನು, ಚಿತ್ರ ಬಣ್ಣ ಏನೂ ಇಲ್ಲದೆ, ಕಾಗದದಲ್ಲಿ ಬರೆದು ಬೇರೆಯವರಿಗೆ ಕೊಡಿ: ‘ಹನಿ ನೀರಾವರಿಗೆ ಅರ್ಜಿ ಹಾಕಬೇಕು, ಎಲ್ಲಿ ನೋಡ್ತೀರಿ?’ ಇದು ಟ್ರೀ ಟೆಸ್ಟ್. ಮೊದಲ ಬೆರಳು ಎಲ್ಲಿಗೆ ಹೋಯಿತು ಎಂಬುದನ್ನು ಬರೆದುಕೊಳ್ಳಿ. ಎಂಟು ಹತ್ತು ಪ್ರಶ್ನೆಗಿಂತ ಹೆಚ್ಚು ಕೇಳಬೇಡಿ, ಅಷ್ಟರಲ್ಲಿ ಅವರಿಗೆ ಮೆನು ಬಾಯಿಪಾಠ ಆಗಿರುತ್ತದೆ. ಅಂಕಿಅಂಶ ಬೇಕಿದ್ದರೆ 50 ಜನ. ದೊಡ್ಡ ತಪ್ಪು ಹಿಡಿಯಲು ಹತ್ತು ಹನ್ನೆರಡು ಜನ ಸಾಕು.

ಪ್ರಶ್ನೆ: ಸ್ತ್ರೀಶಕ್ತಿ ಸಂಘದ 12 ಜನರನ್ನು ಒಟ್ಟಿಗೆ ಕೂರಿಸಿ ಉಳಿತಾಯದ ಆ್ಯಪ್ ಬಗ್ಗೆ ಅಭಿಪ್ರಾಯ ಕೇಳಬಹುದೇ? ಕೆಲವರು ಮನೆಯಲ್ಲಿ ತೆಲುಗು ಮಾತಾಡುತ್ತಾರೆ. ರೆಕಾರ್ಡ್ ಮಾಡಿಕೊಳ್ಳಬಹುದೇ?
— ಪಾವಗಡದ ಓದುಗರು

ಉತ್ತರ: ಸಂಘ ಹೇಗೆ ನಡೆಯುತ್ತದೆ, ಯಾವ ಪದ ಬಳಸುತ್ತಾರೆ, ಯಾವುದಕ್ಕೆ ಜಗಳವಾಗುತ್ತದೆ ಎಂದು ತಿಳಿಯಲು ಒಟ್ಟಿಗೆ ಕೂರಿಸುವುದು ಒಳ್ಳೆಯದು, 12ರ ಬದಲು ಆರೇಳು ಜನ ಇರಲಿ. ಆ್ಯಪ್ ಬಳಸಲು ಬರುತ್ತದೆಯೇ ಎಂಬುದನ್ನು ಗುಂಪಿನಲ್ಲಿ ತಿಳಿಯಲಾಗದು. ಪ್ರತಿನಿಧಿ ಮೊದಲು ಮಾತಾಡಿದರೆ ಉಳಿದವರು ಅದಕ್ಕೇ ತಲೆಯಾಡಿಸುತ್ತಾರೆ. ಸಾಲ, ಕಂತು ತಪ್ಪಿದ್ದು, ಗಂಡನಿಗೆ ಹೇಳದೆ ಇಟ್ಟ ದುಡ್ಡು, ಇವನ್ನು ಒಬ್ಬೊಬ್ಬರನ್ನೇ, ಹೆಂಗಸರೇ ಹೋಗಿ ಕೇಳಬೇಕು.

ಭಾಷೆಯನ್ನು ಅವರೇ ಆರಿಸಲಿ. ಮಾತು ತೆಲುಗಿಗೆ ಹೊರಳಿದರೆ ತಡೆಯಬೇಡಿ, ಎರಡೂ ಬಲ್ಲವರು ನಡೆಸಿಕೊಡಲಿ. ನಡುವೆ ಅನುವಾದಕರನ್ನು ಕೂರಿಸಿದರೆ ಹತ್ತು ವಾಕ್ಯದ ಮಾತು ‘ಸರಿ ಇದೆಯಂತೆ’ ಎಂಬಷ್ಟಕ್ಕೆ ಇಳಿದುಬಿಡುತ್ತದೆ.

ರೆಕಾರ್ಡ್ ಮಾಡುವ ಮೊದಲು ಅನುಮತಿ ಕೇಳಲೇಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಅದೇ: ಯಾತಕ್ಕಾಗಿ ಎಂದು ತಿಳಿಸಬೇಕು, ಅಷ್ಟಕ್ಕೇ ಬಳಸಬೇಕು, ಬೇಡವೆಂದಾಗ ಅವರು ಹಿಂತೆಗೆದುಕೊಳ್ಳುವಂತಿರಬೇಕು, 18 ತುಂಬದವರಾದರೆ ತಂದೆತಾಯಿಯ ಒಪ್ಪಿಗೆ ಬೇಕು. ಸಹಿ ಹಾಕುವ ಕಾಗದ ನೋಡಿದರೆ ಸಾಲದ ಪತ್ರವೋ ಎಂದು ಹಿಂಜರಿಯುವವರಿದ್ದಾರೆ. ಬಾಯಿಮಾತಿನಲ್ಲೇ ಓದಿ ಹೇಳಿ, ‘ಆಗಲಿ’ ಎಂದದ್ದನ್ನು ರೆಕಾರ್ಡಿನ ಮೊದಲ ಅರ್ಧ ನಿಮಿಷದಲ್ಲಿ ಇಟ್ಟುಕೊಳ್ಳಿ. ಪಾಸ್‌ಬುಕ್ಕಿನ ಫೋಟೊ ತೆಗೆಯುವುದಿದ್ದರೆ ಖಾತೆ ಸಂಖ್ಯೆಯ ಮೇಲೆ ಒಂದು ಚೀಟಿ ಮುಚ್ಚಿ ತೆಗೆಯಿರಿ. ಕೂಲಿ ಬಿಟ್ಟು ಬಂದವರಿಗೆ ಆ ದಿನದ ಕೂಲಿಯನ್ನು ಹೊರಡುವ ಮುಂಚೆಯೇ ಕೈಗೆ ಕೊಡಿ. ‘ಬೇಡ’ ಎಂದು ನಡುವೆ ಎದ್ದುಹೋದವರಿಗೂ ಅಷ್ಟೇ ಕೊಡಿ.